ಎಡಕ್ಕೆ ತಿರುಗಿದರೆ ಮಾತ್ರ ಹಾರ್ನ್

ನಮ್ಮ ದೇಶದಲ್ಲಿ ಸ್ವಂತ ಬಳಕೆಯ ಕಾರಿನ ಆರೋಗ್ಯವನ್ನು ಹದಿನೈದು ವರ್ಷ ಯಾರೂ ವಿಚಾರಿಸುವುದಿಲ್ಲ. ವಿಮೆಯ ಕಾಗದ, ಹೊಗೆ ತಪಾಸಣೆಯ ಚೀಟಿ ಇದ್ದರಾಯಿತು. ಬ್ರೇಕ್ ಹಿಡಿಯುತ್ತದೆಯೇ, ಬಾಗಿಲು ಮುಚ್ಚುತ್ತದೆಯೇ ಎಂದು ಕೇಳುವವರಿಲ್ಲ. ಬ್ರಿಟನ್ನಿನಲ್ಲಿ ಕಾರಿಗೆ ಮೂರು ತುಂಬಿತೆಂದರೆ ವರ್ಷವರ್ಷವೂ ಪರೀಕ್ಷೆಯಂತೆ. ನಮ್ಮಲ್ಲಿ ಅದು ಪರೀಕ್ಷೆಯ ಹೆಸರನ್ನೇ ಕೇಳದೆ ಮುಪ್ಪಾದ ಮೇಲೆ, ಬಾ ನೋಡೋಣ ಎಂದು ಆರ್‌ಟಿಒ ಕಚೇರಿಗೆ ಕರೆಯುತ್ತಾರೆ. ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಫಿಟ್‌ನೆಸ್ ಸರ್ಟಿಫಿಕೇಟ್, ಆದರೆ ಇನ್ನೈದು ವರ್ಷ ಆಯುಸ್ಸು, ಆಗದಿದ್ದರೆ ಗುಜರಿ.

ನನ್ನದು 2010ರ ಸಣ್ಣ ಡೀಸೆಲ್ ಕಾರು. ಕಂಪನಿ ಯಾವುದೆಂದು ಹೇಳುವುದಿಲ್ಲ. ಒಳಗಿರುವುದು ಫಿಯೆಟ್ ಮೂಲದ 1248 ಸಿಸಿ ಎಂಜಿನ್. ಅದು ಆ ಕಾಲಕ್ಕೆ ಮಾರುತಿಯಲ್ಲೂ ಇತ್ತು, ಟಾಟಾದಲ್ಲೂ ಇತ್ತು, ಆದ್ದರಿಂದ ಊಹಿಸಿ ಪ್ರಯೋಜನವಿಲ್ಲ. ರಾಷ್ಟ್ರೀಯ ಎಂಜಿನ್ ಎಂದೇ ಅದನ್ನು ತಮಾಷೆಗೆ ಕರೆಯುತ್ತಿದ್ದರು. ಮಲೆನಾಡಿನ ಮಳೆಗಾಲದ ಬೆಳಿಗ್ಗೆಯೂ ಅದು ಒಂದೇ ಸಲಕ್ಕೆ ಎದ್ದು ಕೂರುತ್ತದೆ. ತಕರಾರೆಲ್ಲ ಅದರ ಸುತ್ತಲಿನ ಬಂಧುಬಳಗದ್ದು. ಬಲಗಡೆಯ ಗಾಜನ್ನು ಏರಿಸಬೇಕಾದರೆ ಸ್ವಿಚ್ ಒತ್ತಿದರೆ ಸಾಲದು, ಎರಡೂ ಅಂಗೈಗಳ ನಡುವೆ ಹಿಡಿದು ಪುಸಲಾಯಿಸಬೇಕು. ಹಾಗಾಗಿ ಸ್ವಿಚ್ ಒತ್ತಲು ಇನ್ನೊಬ್ಬರು ಬೇಕು. ಹೊಂಡಕ್ಕೆ ಇಳಿದರೆ ಮುಂದಿನ ಎಡಚಕ್ರದ ಹತ್ತಿರ ಯಾರೋ ಬಾಗಿಲು ತಟ್ಟಿದ ಸದ್ದು. ಇನ್ನು ಘಾಟಿ ಹತ್ತುವಾಗ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಅದಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ಹಿಂದುಳಿಯುತ್ತದೆ. “ಕ್ಲಚ್ ಪ್ಲೇಟ್ ಮುಗಿದಿದೆ ಸರ್, ಹಾಕಿಬಿಡೋಣ” ಎಂದು ಗ್ಯಾರೇಜಿನವರು ಕಂಡಾಗಲೆಲ್ಲ ಹೇಳುತ್ತಿದ್ದರು. “ಮೊದಲು ಎಫ್‌ಸಿ ಆಗಲಿ, ಗುಜರಿಗೆ ಹೋಗುವ ಕಾರಿಗೆ ಹೊಸ ಕ್ಲಚ್ ಏಕೆ?” ಎಂದು ನಾನು ತಪ್ಪಿಸಿಕೊಳ್ಳುತ್ತಿದ್ದೆ.

ಖರ್ಚು ಬೇರೆ ಬಾಯಿ ತೆರೆದು ನಿಂತಿತ್ತು. 2022ರ ಏಪ್ರಿಲ್‌ಗಿಂತ ಮುಂಚೆ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇತ್ತು, ಈಗ 5000. ಅದರ ಮೇಲೆ ಹಸಿರು ತೆರಿಗೆ. ಇಪ್ಪತ್ತು ವರ್ಷ ದಾಟಿದ ಕಾರಿಗಾದರೆ 10,000. ಆದರೂ ದೆಹಲಿಯಲ್ಲಿರುವ ನಮ್ಮ ಭಾವನವರ ಮುಂದೆ ಈ ಮಾತು ಎತ್ತುವಂತಿಲ್ಲ. ಅಲ್ಲಿ ಡೀಸೆಲ್ ಕಾರಿಗೆ ಹತ್ತೇ ವರ್ಷ ಎಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿಬಿಟ್ಟಿದೆ.

ಮೊದಲ ಗಂಡಾಂತರ ಹೊಗೆ ತಪಾಸಣೆ. ಡೀಸೆಲ್ ಕಾರಿನ ಪರೀಕ್ಷೆ ನೋಡುವವರಿಗೆ ಹಿಂಸೆ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಸೈಲೆನ್ಸರ್ ಬಾಯಿಗೆ ಕೊಳವೆ ತುರುಕಿ, ಆಕ್ಸಿಲರೇಟರನ್ನು ಒಮ್ಮೆಲೇ ನೆಲಕ್ಕೆ ತುಳಿಯಬೇಕು. ಬಿಡಬೇಕು, ಮತ್ತೆ ತುಳಿಯಬೇಕು. ಹದಿನೈದು ವರ್ಷ ಮೆಲ್ಲಗೆ, ಡೀಸೆಲ್ ಲೆಕ್ಕ ಹಾಕಿಕೊಂಡು ಓಡಿಸಿದ ಕಾರನ್ನು ಹೀಗೆ ಅರಚಿಸುವಾಗ ಹೆಂಡತಿ ಕಿವಿ ಮುಚ್ಚಿಕೊಂಡು ರಸ್ತೆಯಾಚೆಗೆ ಹೋಗಿ ನಿಂತಳು. ಅಂಕಿ ಬಂತು: 1.9. ಮಿತಿ 2.45. ಪಾಸ್!

ಈ ಸಂತೋಷವನ್ನು ಬೆಂಗಳೂರಿನ ಚಿಕ್ಕಪ್ಪನ ಮಗನಿಗೆ ಫೋನಿನಲ್ಲಿ ಹೇಳಿದೆ. ಅವನದೂ ಅದೇ ವರ್ಷದ, ಅದೇ ಎಂಜಿನ್ನಿನ ಕಾರು. ಅವನಿಗೆ ಉರಿದುಹೋಯಿತು. 2010ರ ಏಪ್ರಿಲ್‌ನಿಂದ ಬೆಂಗಳೂರಿನಂಥ ಮಹಾನಗರಗಳಿಗೆ ಬಿಎಸ್ 4 ಎಂಬ, ಹೊಸ ವಾಹನಗಳ ಹೊಗೆಗೆ ಇನ್ನಷ್ಟು ಬಿಗಿಯಾದ ಮಾನದಂಡ ಬಂತು, ನಮ್ಮ ಕಡೆಗೆ ಅದು ಪೂರ್ತಿಯಾಗಿ ಕಾಲಿಟ್ಟದ್ದು 2017ರಲ್ಲಿ. ಬಿಎಸ್ 4 ಕಾರಿಗೆ ಹೊಗೆಯ ಮಿತಿ 1.62. ನನ್ನ ಹೊಗೆ ಅವನ ಕಾರಿನಿಂದ ಬಂದಿದ್ದರೆ ಫೇಲ್. “ಹಾಗಾದರೆ ನಿಮ್ಮೂರಿನ ಶ್ವಾಸಕೋಶವೇ ಬೇರೆಯೋ?” ಎಂದ. ನ್ಯಾಯವಾದ ಪ್ರಶ್ನೆ. ಆದರೆ ಅವನ ಚೀಟಿ ಒಂದು ವರ್ಷ ನಡೆಯುತ್ತದೆ, ನನ್ನದು ಆರೇ ತಿಂಗಳು ಎಂದು ಸಮಾಧಾನ ಹೇಳಿದೆ.

ತಪಾಸಣೆಯ ದಿನ ಆರ್‌ಟಿಒ ಮೈದಾನದಲ್ಲಿ ಒಬ್ಬ ಹುಡುಗ ಬಾನೆಟ್ಟಿನೊಳಗೆ ತಲೆ ಹಾಕಿ, ಚಾಸಿ ನಂಬರಿನ ಮೇಲಿದ್ದ ಹದಿನೈದು ವರ್ಷದ ಮಣ್ಣನ್ನು ಉಜ್ಜಿ, ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿದ. ಕೊನೆಯ ಅಂಕಿ ಮೂರೋ ಎಂಟೋ ಎಂದು ಸುತ್ತಲಿದ್ದವರೆಲ್ಲ ಅಭಿಪ್ರಾಯ ಕೊಟ್ಟರು. ಬಹುಮತ ಎಂಟರ ಕಡೆಗಿತ್ತು. ಆರ್‌ಸಿಯಲ್ಲಿಯೂ ಎಂಟೇ ಇತ್ತು, ಬಚಾವಾದೆ.

ಇನ್‌ಸ್ಪೆಕ್ಟರ್ ಬಂದರು. ಹಿಂದಿನ ರಾತ್ರಿ ನಾನು ಗಾಜಿಗೆ, ಚಕ್ರದ ಸದ್ದಿಗೆ, ಕ್ಲಚ್ಚಿಗೆ ಏನೇನು ಸಮಜಾಯಿಷಿ ಕೊಡಬೇಕೆಂದು ಬಾಯಿಪಾಠ ಮಾಡಿದ್ದೆ. ಒಂದೂ ಬೇಕಾಗಲಿಲ್ಲ. ಮಳೆ ಹನಿಯುತ್ತಿತ್ತು, ಗಾಜು ಇಳಿಸಿ ಎಂದು ಯಾರೂ ಹೇಳಲಿಲ್ಲ. ಮುಂದೆ ಓಡಿಸಿ ಬ್ರೇಕ್ ಹಾಕಿಸಿದರು. ಆ ಮೈದಾನ ನಮ್ಮ ಊರಿನಲ್ಲಿ ಹೊಂಡವಿಲ್ಲದ ಏಕೈಕ ಜಾಗ, ಎಡಚಕ್ರ ತುಟಿಪಿಟಕ್ಕೆನ್ನಲಿಲ್ಲ. ಸಮತಟ್ಟಾದ್ದರಿಂದ ಕ್ಲಚ್ಚಿನ ಕಥೆಯೂ ಹೊರಬೀಳಲಿಲ್ಲ. ನನ್ನನ್ನು ಕೇಳಿದರೆ ಎಫ್‌ಸಿ ನಡೆಯಬೇಕಾದ್ದು ಆಗುಂಬೆ ಘಾಟಿಯಲ್ಲಿ. ಹದಿನಾಲ್ಕು ತಿರುವು ಹತ್ತಿ ಬಂದ ಕಾರಿಗೆ ಕಣ್ಣು ಮುಚ್ಚಿ ಸಹಿ ಹಾಕಬಹುದು. ಆದರೆ ಅಲ್ಲಿ ನಡೆಯಲಿಲ್ಲವಲ್ಲ ಎಂದು ಆ ಹೊತ್ತಿಗೆ ದೇವರಿಗೆ ಕೈಮುಗಿದೆ.

“ಹಾರ್ನ್ ಹೊಡೆಯಿರಿ” ಎಂದರು.

ಹಾರ್ನ್! ಹದಿನೈದು ವರ್ಷದಲ್ಲಿ ಒಮ್ಮೆಯೂ ಕೈಕೊಡದ ಏಕೈಕ ಅಂಗ. ಬರುವ ದಾರಿಯಲ್ಲಿ ಅದರ ಸದ್ದಿಗೆ ಒಂದು ಎಮ್ಮೆ ಎದ್ದು ಹೋಗಿತ್ತು. ಒತ್ತಿದೆ. ಮೌನ. ಇನ್ನೂ ಜೋರಾಗಿ ಒತ್ತಿದೆ. ಗಾಬರಿಯಲ್ಲಿ ಸ್ಟೀರಿಂಗ್ ಎಡಕ್ಕೆ ತಿರುಗಿತು ನೋಡಿ, ಇಡೀ ಮೈದಾನ ಬೆಚ್ಚಿಬೀಳುವಂತೆ ಕೂಗಿತು. ನೇರ ಮಾಡಿದೆ, ಮೌನ. ಎಡಕ್ಕೆ, ಕೂಗು.

“ನೇರ ಹೋಗುವಾಗ ಏನು ಮಾಡುತ್ತೀರಿ?”

“ನೇರ ಹೋಗುವಾಗ ನಾನು ಯಾರಿಗೂ ತೊಂದರೆ ಕೊಡುವುದಿಲ್ಲ ಸರ್.”

ಅವರು ನಕ್ಕರು; ನಕ್ಕೇ ಫೇಲ್ ಮಾಡಿದರು. ಸರಿಪಡಿಸಿಕೊಂಡು ಬನ್ನಿ ಎಂದರು.

ಸ್ಟೀರಿಂಗ್ ಚಕ್ರದೊಳಗೆ ಸುರುಳಿ ಸುತ್ತಿದ ಚಪ್ಪಟೆ ಕೇಬಲ್ ಒಂದಿರುತ್ತದೆ, ಚಕ್ರ ತಿರುಗಿದಂತೆ ಬಿಚ್ಚಿಕೊಳ್ಳುತ್ತ ಸುತ್ತಿಕೊಳ್ಳುತ್ತ ಇರುತ್ತದೆ. ಅದು ಸೀಳಿತ್ತು, ಎಡಕ್ಕೆ ತಿರುಗಿದಾಗ ಮಾತ್ರ ತುದಿಗಳು ಪರಸ್ಪರ ಮುಟ್ಟುತ್ತಿದ್ದವು. ಹೊಸದು ಹಾಕಿಸಿ ಮತ್ತೆ ಹೋದೆ. ಇನ್‌ಸ್ಪೆಕ್ಟರ್ ಗುರುತು ಹಿಡಿದು, ಎಡಕ್ಕೂ ಬಲಕ್ಕೂ ತಿರುಗಿಸಿ ಹಾರ್ನ್ ಹೊಡೆಸಿದರು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಪಾಸ್.

ಹೊಸ ಆರ್‌ಸಿ ಕಾರ್ಡ್ ಅಂಚೆಯಲ್ಲಿ ಬಂದಾಗ ಕಾರು ಮನೆಯಲ್ಲಿರಲಿಲ್ಲ. ಎಡಚಕ್ರದ ಸದ್ದು ಕೊನೆಗೂ ಬಾಗಿಲು ಮುರಿದು ಒಳಗೆ ಬಂದಿತ್ತು, ಗ್ಯಾರೇಜಿನಲ್ಲಿ ಜಾಕ್ ಮೇಲೆ ನಿಲ್ಲಿಸಿದ್ದರು. ಕಾರ್ಡನ್ನು ಅಲ್ಲಿಗೇ ಒಯ್ದು ತೋರಿಸಿದೆ. ಗ್ಯಾರೇಜಿನವರು ಗ್ರೀಸ್ ಕೈ ಒರೆಸಿಕೊಂಡು, ಕಾರ್ಡನ್ನು ಬೆಳಕಿಗೆ ಹಿಡಿದು ದಿನಾಂಕ ಓದಿದರು.

“2030ರವರೆಗೆ! ಹಾಗಾದರೆ ಕ್ಲಚ್ ಪ್ಲೇಟ್ ಆರ್ಡರ್ ಮಾಡಲೇ ಸರ್?”