ಸತ್ಯಾಂಶ: ‘ಫಿಲ್ಮ್ ನ್ವಾರ್’ ಹೆಸರು ಬಂದದ್ದು ಕಪ್ಪು-ಬಿಳುಪಿನಿಂದ ಅಲ್ಲ

ಸಿನಿಮಾ ಗ್ರೂಪುಗಳಲ್ಲಿ ಆಗಾಗ ಒಂದು ಫಾರ್ವರ್ಡ್ ಬರುತ್ತದೆ: 1940ರ ದಶಕದಲ್ಲಿ ಹಾಲಿವುಡ್‌ನವರು ಸೇರಿ ‘ಫಿಲ್ಮ್ ನ್ವಾರ್’ ಅನ್ನೋ, ಅಪರಾಧದ ಕರಾಳ ಕಥೆಗಳ ಹೊಸ ಪ್ರಕಾರ ಹುಟ್ಟುಹಾಕಿದರು, ಕಪ್ಪು-ಬಿಳುಪಿನಲ್ಲಿ ತೆಗೆದದ್ದಕ್ಕೆ ಆ ಹೆಸರು ಅಂತ. ಎರಡೂ ತಪ್ಪು.

ಕಪ್ಪು-ಬಿಳುಪೇ ಕಾರಣವಾಗಿದ್ದರೆ ಆ ಕಾಲದ ಹಾಸ್ಯ ಚಿತ್ರಗಳಿಗೂ ಇದೇ ಹೆಸರು ಬರಬೇಕಿತ್ತು, ಅಲ್ವಾ? ಆಗ ಬಹುಪಾಲು ಸಿನಿಮಾಗಳು ಬಣ್ಣವಿಲ್ಲದೆಯೇ ಬರುತ್ತಿದ್ದವು. 1945ರ ‘ಲೀವ್ ಹರ್ ಟು ಹೆವನ್’ ಅಂತೂ ಪೂರ್ತಿ ಟೆಕ್ನಿಕಲರ್, ಅಂದರೆ ಬಣ್ಣದ ಚಿತ್ರ, ಆದರೂ ಅದನ್ನು ನ್ವಾರ್ ಪಟ್ಟಿಯಲ್ಲಿ ಸೇರಿಸುವವರು ಜಾಸ್ತಿ.

ನಡೆದದ್ದು ಇಷ್ಟು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿಗೆ ಅಮೆರಿಕದ ಚಿತ್ರಗಳು ಬರುತ್ತಿರಲಿಲ್ಲ, ಯುದ್ಧ ಮುಗಿದ ಮೇಲೆ ‘ದ ಮಾಲ್ಟೀಸ್ ಫಾಲ್ಕನ್’, ‘ಡಬಲ್ ಇಂಡೆಮ್ನಿಟಿ’ ಥರದವು ಒಟ್ಟಿಗೆ ಬಂದಾಗ ಅಲ್ಲಿನ ವಿಮರ್ಶಕರಿಗೆ ಇವೆಲ್ಲದರಲ್ಲೂ ಒಂದೇ ಕರಾಳ ಮನಸ್ಥಿತಿ ಕಾಣಿಸಿತು. 1946ರಲ್ಲಿ ಅವರಲ್ಲೊಬ್ಬನಾದ ನೀನೋ ಫ್ರಾಂಕ್ ಇವನ್ನು ‘ನ್ವಾರ್’ ಎಂದು ಕರೆದ. ಈ ಫ್ರೆಂಚ್ ಪದದ ಅರ್ಥ ಕಪ್ಪು, ಸರಿ. ಆದರೆ ಆ ಕಪ್ಪು ಕಥೆಯದ್ದು. 1945ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗಿದ್ದ ಅಪರಾಧ ಕಾದಂಬರಿ ಮಾಲೆಯ ಹೆಸರೂ ‘ಸೆರೀ ನ್ವಾರ್’!

ಇತ್ತ ಹಾಲಿವುಡ್‌ನಲ್ಲಿ ಇವನ್ನು ಸುಮ್ನೆ ಕ್ರೈಮ್ ಚಿತ್ರ, ಥ್ರಿಲ್ಲರ್, ಮೆಲೋಡ್ರಾಮಾ ಅಂತಲೇ ಕರೆಯುತ್ತಿದ್ದರು. ಇಂಗ್ಲಿಷಿನಲ್ಲಿ ‘ನ್ವಾರ್’ ಎಲ್ಲರ ಬಾಯಿಗೆ ಬಂದದ್ದು 1970ರ ದಶಕದಿಂದೀಚೆಗೆ. ತಾವು ನ್ವಾರ್ ತೆಗೆಯುತ್ತಿದ್ದೇವೆ ಅಂತ ಅದನ್ನು ತೆಗೆದವರಿಗೇ ಗೊತ್ತಿರಲಿಲ್ಲ.