ಮನೆ ಇಲ್ಲದವರ ಮನೆ ನಂಬರ್ ಎಷ್ಟು?

ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಹಾಗಾಗಿ ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದವರೆಲ್ಲ ಯುಗಾದಿಯ ಒಬ್ಬಟ್ಟು ಅರಗುವ ಮೊದಲೇ ಕಟ್ಟಿಬಿಡುತ್ತೇವೆ. ಅದರಲ್ಲಿ ಸೆಸ್ ಅಂತ ಒಂದು ಬಾಬತ್ತು. ಅದರ ಹೊಟ್ಟೆಯೊಳಗೆ ಒಂದು ಮರಿ ಸೆಸ್: ತೆರಿಗೆಯ ನೂರಕ್ಕೆ 3, ಭಿಕ್ಷುಕರ ಹೆಸರಿನಲ್ಲಿ.

ನನ್ನ ಮನೆ ಎಷ್ಟು ಚದರಡಿ, ಬಾಡಿಗೆಗೆ ಕೊಟ್ಟಿದ್ದೇನಾ, ಕಾರು ನಿಲ್ಲಿಸಲು ಎಷ್ಟು ಜಾಗ, ಎಲ್ಲ ಅಳೆಯುತ್ತಾರೆ. ಪ್ರತಿ ವರ್ಷ. ಸೂರೇ ಇಲ್ಲದವನನ್ನು ಎಣಿಸುವುದು ಮಾತ್ರ ಹತ್ತು ವರ್ಷಕ್ಕೊಂದು ರಾತ್ರಿ.

ಕೊನೆಯ ಸಲ ಎಣಿಸಿದ್ದು 2011ರ ಫೆಬ್ರುವರಿ 28ರ ರಾತ್ರಿ. ಫುಟ್‌ಪಾತ್, ಮೆಟ್ಟಿಲ ಕೆಳಗೆ, ದೇವಸ್ಥಾನ, ರೈಲ್ವೆ ಪ್ಲಾಟ್‌ಫಾರ್ಮ್, ಹ್ಯೂಮ್ ಪೈಪು ಅಂದರೆ ರಸ್ತೆ ಬದಿಯ ದೊಡ್ಡ ಸಿಮೆಂಟ್ ಕೊಳವೆ. ಹೌದು, ಜನಗಣತಿಯ ಸೂಚನೆಯಲ್ಲಿ ಹ್ಯೂಮ್ ಪೈಪಿಗೂ ಜಾಗ ಇದೆ. ಪೈಪಿನೊಳಗೆ ಮನುಷ್ಯ ಇರುತ್ತಾನೆ ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ದೇಶದಲ್ಲಿ ಸಿಕ್ಕವರು 17.7 ಲಕ್ಷ, ನಮ್ಮ ರಾಜ್ಯದಲ್ಲಿ ಸುಮಾರು 76 ಸಾವಿರ. 2001ರಲ್ಲಿ ದೇಶದ ಲೆಕ್ಕ 19.4 ಲಕ್ಷ ಇತ್ತು. ಕಡಿಮೆಯಾಯಿತು ನೋಡಿ! ಕಡಿಮೆಯಾಗಿದ್ದು ಹಳ್ಳಿಗಳಲ್ಲಿ. ಪಟ್ಟಣಗಳಲ್ಲಿ ಜಾಸ್ತಿಯೇ ಆಯಿತು. ಬಹುಶಃ ಬಸ್ಸು ಹತ್ತಿದರು.

ಇನ್ನು ಕೆ.ಆರ್. ಮಾರ್ಕೆಟ್ಟಿಗೆ ಬನ್ನಿ. ರಾತ್ರಿಯಿಡೀ ತರಕಾರಿ ಮೂಟೆ ಇಳಿಸುವವನು ಮಲಗುವುದು ಹಗಲಲ್ಲಿ. ಎಣಿಸುವವರು ಬರುವುದು ರಾತ್ರಿ. ಎಣಿಕೆಯ ಹೊತ್ತಿಗೆ ಇವನು ಮಲಗಿರುವುದಿಲ್ಲ, ನಿಂತಿರುತ್ತಾನೆ. ನಿಂತವನಿಗೆ ಮನೆ ಇಲ್ಲ ಅಂತ ಹೇಗೆ ಹೇಳುವುದು? ಮಲಗಿದ್ದವನ ಮುಖಕ್ಕೆ ಟಾರ್ಚು ಬಿಟ್ಟರೆ ಪೊಲೀಸು ಅಂದುಕೊಂಡು ಎದ್ದು ಓಡುತ್ತಾನೆ. ಓಡಿದವನು ಯಾವ ಕಾಲಮ್ಮಿಗೆ?

ಅವನು ಓಡುವುದಕ್ಕೂ ಕಾರಣ ಇದೆ. ನಮ್ಮಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಹಿಡಿದವರನ್ನು ಒಯ್ಯುವ ಜಾಗದ ಹೆಸರು ನಿರಾಶ್ರಿತರ ಪರಿಹಾರ ಕೇಂದ್ರ. ಹಿಡಿಯುವಾಗ ಭಿಕ್ಷುಕ, ಒಳಗೆ ಹೋದ ಮೇಲೆ ನಿರಾಶ್ರಿತ. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಸಾಲು ಸಾಲಾಗಿ ಜನ ಸತ್ತರು. ಹೆಣಗಳನ್ನು ಮಾತ್ರ ಆಗ ಬಹಳ ಮುತುವರ್ಜಿಯಿಂದ ಎಣಿಸಿದರು.

ಇಂಥ ಕೇಂದ್ರಗಳ ಖರ್ಚಿಗೇ ನಮ್ಮ ಆ 3 ಪರ್ಸೆಂಟು. ಆದರೆ ವಸೂಲಿ ಮಾಡಿದ ಬಿಬಿಎಂಪಿ ವರ್ಷಗಟ್ಟಲೆ ಅದನ್ನು ಪೂರ್ತಿ ದಾಟಿಸದೆ ಕೂತಿತ್ತು. ಬಾಕಿ ನೂರು ಕೋಟಿ ಮೀರಿತು. ಕೇಂದ್ರಗಳನ್ನು ನಡೆಸುವ ಪರಿಹಾರ ಸಮಿತಿ ಪಾಲಿಕೆಯ ಮುಂದೆ ಕೈ ಚಾಚಿ ನಿಂತಿತು, ಪತ್ರದ ಮೇಲೆ ಪತ್ರ. ಸಾರ್ವಜನಿಕ ಸ್ಥಳದಲ್ಲಿ ಹೀಗೆ ಪದೇ ಪದೇ ಬೇಡುವುದು 1975ರ ಕಾಯ್ದೆಯ ಪ್ರಕಾರ ಏನಾಗುತ್ತದೆ, ಬಲ್ಲವರು ಹೇಳಬೇಕು. ಈಗಂತೂ ಒಂದು ಪಾಲಿಕೆ ಹೋಗಿ ಐದಾಗಿವೆ. ಇನ್ನು ಐದು ಬಾಗಿಲು ಬಡಿಯಬೇಕಲ್ವಾ?

ಮುಂದಿನ ಎಣಿಕೆ 2027ರ ಫೆಬ್ರುವರಿಯಲ್ಲಿ. 2021ರದ್ದು ತಪ್ಪಿಹೋಗಿದ್ದರಿಂದ ಎರಡು ಎಣಿಕೆಗಳ ನಡುವೆ ಹದಿನಾರು ವರ್ಷ. ಅಷ್ಟರಲ್ಲಿ ನಮ್ಮೂರಿಗೆ ಎಷ್ಟೊಂದು ಹೊಸ ಫ್ಲೈಓವರ್ ಬಂದವು, ಕೆಳಗೆ ಮಲಗಲು ಜಾಗ ಧಾರಾಳ. ಈ ಸಲ ಎಲ್ಲ ಡಿಜಿಟಲ್. ಎಣಿಸುವವರ ಕೈಯಲ್ಲಿ ಆ್ಯಪ್. ನಿಮ್ಮ ಲೆಕ್ಕ ನೀವೇ ತುಂಬುವ ಸೌಲಭ್ಯವೂ ಉಂಟು, ಮನೆಯಲ್ಲೇ ಆರಾಮಾಗಿ ಕೂತುಕೊಂಡು.