ಕೂಲರಿನ ಮುಂದಿನ ಜಾಗ

ಈ ಬೇಸಿಗೆಯಲ್ಲಿ ನಮ್ಮ ಬಡಾವಣೆಯವರ ಅಹಂಕಾರವನ್ನು ಕರಗಿಸಲು ಬಂದ ಗುರುಗಳು ಮೊದಲು ಮಾಡಿದ ಕೆಲಸವೆಂದರೆ ಕೂಲರ್ ಬಂದ್ ಮಾಡಿಸಿದ್ದು. ಅದರ ಸದ್ದು ಧ್ಯಾನಕ್ಕೆ ಅಡ್ಡಿಯಂತೆ. "ಹೊರಗಿನ ಸದ್ದು ನಿಂತರೆ ಒಳಗಿನ ಮೌನ ತಾನಾಗಿಯೇ ಕೇಳಿಸುತ್ತದೆ" ಎಂದರು. ಅವರು ಬೆಳಗಿನ ಹೊತ್ತು ಶಾಲು ಹೊದ್ದು ಕೂರುವ ಊರಿನವರು. ನಾವಿರುವುದು ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ 42 ಡಿಗ್ರಿ, 43 ಡಿಗ್ರಿ ಎಂದು ಪತ್ರಿಕೆಯಲ್ಲಿ ಬಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆ ಪತ್ರಿಕೆಯನ್ನೇ ಮಡಚಿ ಗಾಳಿ ಬೀಸಿಕೊಳ್ಳುತ್ತಾರೆ. ಇಂಥ ಊರಿನಲ್ಲಿ ಕೂಲರ್ ನಿಂತರೆ ಕೇಳಿಸುವುದು ಮೌನವಲ್ಲ, "ಉಸ್ಸಪ್ಪಾ" ಎಂಬ ಉದ್ಗಾರ, ಅದೂ ನಾಲ್ಕೂ ದಿಕ್ಕಿನಿಂದ.

ಉಸಿರನ್ನು ಗಮನಿಸಿ ಎಂದರು. ನಾನು ಗಮನಿಸಿದ್ದು ಬೆವರನ್ನು. ಅದು ಎಡಗಿವಿಯ ಹಿಂದೆ ಹುಟ್ಟಿತು. ಅಂಗಿಯ ಕಾಲರಿನ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತಿತು. ಹಿಂದಿನಿಂದ ಇನ್ನೊಂದು ಹನಿ ಬಂದು ಸೇರಿದ ಮೇಲೆ ಧೈರ್ಯ ಮಾಡಿ ಬೆನ್ನುಹುರಿಯ ಗುಂಟ ಇಳಿಯಿತು. ನಡುವಿನ ಪಟ್ಟಿಯ ಹತ್ತಿರ ಹೋದದ್ದು ಗೊತ್ತಾಯಿತು, ಆಮೇಲೆ ಏನಾಯಿತೋ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದ್ದ ಅಷ್ಟು ಹೊತ್ತಿನಲ್ಲಿ ನನ್ನ ಮನಸ್ಸು ಚಂಚಲವಾಗದೆ ಒಂದೇ ಕಡೆ ನಿಂತದ್ದು ಆ ಹನಿಯ ಮೇಲೆ ಮಾತ್ರ. ಇದನ್ನೇ ಏಕಾಗ್ರತೆ ಎನ್ನುವುದಾದರೆ ನಮ್ಮ ಜಿಲ್ಲೆಯಲ್ಲಿ ಸಿದ್ಧಪುರುಷರಿಗೆ ಬರವಿಲ್ಲ.

ಧ್ಯಾನವೆಂದರೇನು, ಅದರಿಂದೇನು ಲಾಭ ಎಂಬುದನ್ನು ಬಲ್ಲವರು ಹೇಳಲಿ, ಹೇಳುತ್ತಲೇ ಇದ್ದಾರೆ. ನಾನು ಬಲ್ಲದ್ದು ಕೂಲರ್.

ಕರಾವಳಿಯವರಿಗೆ ಕೂಲರಿನ ಮಹಿಮೆ ತಿಳಿಯದು. ಅಲ್ಲಿಯ ಗಾಳಿ ಮೊದಲೇ ಹೊಟ್ಟೆತುಂಬ ನೀರು ಕುಡಿದಿರುತ್ತದೆ. ಕೂಲರಿಗೆ ತುಂಬಿದ ಒದ್ದೆ ಹುಲ್ಲಿನೊಳಗಿಂದ ಅದನ್ನು ಎಷ್ಟು ಎಳೆದರೂ ನೀರು ಆವಿಯಾಗುವುದಿಲ್ಲ, ಆವಿಯಾಗದೆ ತಂಪು ಹುಟ್ಟುವುದಿಲ್ಲ. ನಮ್ಮ ಗಾಳಿಯೋ ಒಣಗಿ ಬಾಯಾರಿದ್ದು. ಹುಲ್ಲಿನ ನೀರನ್ನು ಹೀರಿಕೊಂಡು ತನ್ನ ಕಾವನ್ನು ಅಲ್ಲಿಯೇ ಒಪ್ಪಿಸಿ ಒಳಗೆ ಬರುತ್ತದೆ. ಹೀಗಾಗಿ ಹೋಳಿ ಹುಣ್ಣಿಮೆ ಮುಗಿಯಿತೆಂದರೆ ಮನೆಮನೆಯ ಮಾಳಿಗೆಯಿಂದ ತಗಡಿನ ಕೂಲರುಗಳು ಇಳಿಯುತ್ತವೆ. ಹೋದ ವರ್ಷದ ಹುಲ್ಲು ಕಿತ್ತರೆ ಒಂದು ಬುಟ್ಟಿ ಧೂಳು. ಹೊಸ ಹುಲ್ಲು ತುಂಬಿ, ಜಾಳಿಗೆ ತಂತಿ ಬಿಗಿದು, ಮೊದಲ ಸಲ ನೀರು ಹಾಯಿಸಿದಾಗ ಬರುವ ವಾಸನೆಗೆ ಮನೆಯವರೆಲ್ಲ ಕೆಲಸ ಬಿಟ್ಟು ಬಂದು ಮುಂದೆ ನಿಲ್ಲುತ್ತಾರೆ. ಆ ದಿನ ಮನೆಯಲ್ಲಿ ಒಗ್ಗಟ್ಟಿರುತ್ತದೆ.

ಮರುದಿನದಿಂದ ನೀರಿನ ಪ್ರಶ್ನೆ. ಟಾಕಿಯಲ್ಲಿ ನೀರು ತಳ ಕಂಡಾಗ ಪಂಪು ಗಂಟಲು ಮುಕ್ಕಳಿಸಿದ ಹಾಗೆ ಸದ್ದು ಮಾಡುತ್ತದೆ. ಆ ಸದ್ದು ಮನೆಯಲ್ಲಿ ಎಲ್ಲರಿಗೂ ಕೇಳಿಸುತ್ತದೆ, ಯಾರೂ ಏಳುವುದಿಲ್ಲ. ನಿದ್ದೆ ಬಂದಿರದವರು ನಿದ್ದೆ ಮಾಡುತ್ತಾರೆ. ಕಡೆಗೆ ಬಿಸಿಗಾಳಿ ಬೀಸತೊಡಗಿದಾಗ ಒಬ್ಬರು ಬಾಯಿ ಬಿಡುತ್ತಾರೆ: "ನಿನ್ನೆ ನಾನೇ ಹಾಕಿದ್ದೆ." ಇನ್ನೊಬ್ಬರು, "ಮೊನ್ನೆ ನಾನು ಹಾಕಿರಲಿಲ್ಲವೇ?" ಮೂರನೆಯವರು, "ಈ ಮನೆಯಲ್ಲಿ ಎಲ್ಲವನ್ನೂ ನಾನೇ ಮಾಡಬೇಕು." 'ನಾನು' ಎಂಬುದು ಎಲ್ಲಿ ವಾಸಿಸುತ್ತದೆ ಎಂದು ಹುಡುಕಿ ಹಿಮಾಲಯಕ್ಕೆ ಹೋಗುವವರು ದಾರಿಯಲ್ಲಿ ಕಲಬುರಗಿಯಲ್ಲಿ ಇಳಿದು, ಮಧ್ಯಾಹ್ನ ಮೂರು ಗಂಟೆಗೆ ಯಾವುದಾದರೂ ಮನೆಯ ಕೂಲರಿನ ಪಕ್ಕ ನಿಂತರೆ ಖರ್ಚು ಉಳಿಯುತ್ತದೆ.

ತಗಡಿನ ಕೂಲರಿಗೆ ಇನ್ನೊಂದು ಗುಣವಿದೆ. ಅದು ಆಗಾಗ ಮುಟ್ಟಿದವರಿಗೆ ಸಣ್ಣಗೆ ಕರೆಂಟ್ ಹೊಡೆಯುತ್ತದೆ. ಚಪ್ಪಲಿ ಹಾಕಿಕೊಂಡು ಮುಟ್ಟು ಎಂದು ಮಕ್ಕಳಿಗೆ ಹೇಳಿರುತ್ತೇವೆ. ಇದನ್ನು ಓದಿ ನಗುವವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಪ್ರಯೋಗದ ಸಂಗತಿ ಕೇಳಬೇಕು. 2014ರಲ್ಲಿ ಪ್ರಕಟವಾದದ್ದು. ಜನರನ್ನು ಬರಿಯ ಕೋಣೆಯಲ್ಲಿ ಕಾಲು ಗಂಟೆ ಸುಮ್ಮನೆ ಕೂರಿಸಿದರು. ಪುಸ್ತಕವಿಲ್ಲ, ಮೊಬೈಲಿಲ್ಲ, ಇದ್ದದ್ದು ಒಂದು ಗುಂಡಿ, ಒತ್ತಿದರೆ ತಮಗೇ ಕರೆಂಟ್ ಹೊಡೆಯುವುದು. ಇದು ಬೇಡ, ಬೇಕಾದರೆ ದುಡ್ಡು ಕೊಟ್ಟಾದರೂ ತಪ್ಪಿಸಿಕೊಳ್ಳುತ್ತೇವೆ ಎಂದು ಮೊದಲೇ ಹೇಳಿದ್ದ ಜನ ಅವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಗುಂಡಿ ಒತ್ತಿಯೇ ಒತ್ತಿದರು. ಒಬ್ಬ ಪುಣ್ಯಾತ್ಮ 190 ಸಲ ಒತ್ತಿದನಂತೆ. ಅವನನ್ನು ಲೆಕ್ಕದಿಂದ ಹೊರಗಿಡಬೇಕಾಯಿತು. ತನ್ನ ಜತೆ ತಾನು ಕಾಲು ಗಂಟೆ ಕೂರುವುದಕ್ಕಿಂತ ಕರೆಂಟ್ ಲೇಸು! ಅಲ್ಲಿ ಅದಕ್ಕೆ ಪ್ರಯೋಗಶಾಲೆ ಬೇಕಾಯಿತು. ನಮ್ಮಲ್ಲಿ ಅದು ಮನೆಯ ಕಿಟಕಿಗೇ ಬಂದು ನಿಂತಿರುತ್ತದೆ.

ಇರಲಿ. ಮರುದಿನ ಸಭಾಭವನದಲ್ಲಿ ಜನ ಅರ್ಧವಾದದ್ದನ್ನು ಕಂಡು ಗುರುಗಳು ಕೂಲರಿಗೆ ಅನುಮತಿ ಕೊಟ್ಟರು. ಅಲ್ಲಿಂದ ನಿಜವಾದ ಪರೀಕ್ಷೆ ಶುರುವಾಯಿತು. ಕೂಲರ್ ಒಂದೇ, ಅದರ ಗಾಳಿ ನೇರವಾಗಿ ತಾಗುವುದು ನಾಲ್ಕೈದು ಜಾಗಕ್ಕೆ. ಐದು ಗಂಟೆಯ ಧ್ಯಾನಕ್ಕೆ ಜನ ನಾಲ್ಕೂಕಾಲಿಗೇ ಬರತೊಡಗಿದರು. ನಿವೃತ್ತ ಇಂಜಿನಿಯರ್ ಸಾಹೇಬರು ಒಬ್ಬರಿದ್ದಾರೆ. ಸ್ವತಃ ಬರುವ ಮೊದಲೇ ಮೊಮ್ಮಗನ ಕೈಯಲ್ಲಿ ಕರವಸ್ತ್ರ ಕಳಿಸಿ, ಕೂಲರಿನ ಎದುರಿನ ಫರಸಿಯ ಮೇಲೆ ಹಾಸಿಸಿಬಿಡುತ್ತಿದ್ದರು. ಕರವಸ್ತ್ರ ಹಾರದ ಹಾಗೆ ಮೇಲೊಂದು ಕನ್ನಡಕದ ಡಬ್ಬಿ. ಅವತ್ತು ಗುರುಗಳು 'ನಾನು ಎಂಬುದು ಬರಿಯ ಭ್ರಮೆ, ಅಂಥದ್ದೊಂದು ಇಲ್ಲವೇ ಇಲ್ಲ' ಎಂದು ಹೇಳಿ ಮುಗಿಸುವುದಕ್ಕೂ, ಮೂಲೆಯಲ್ಲಿ ಬೇಯುತ್ತಿದ್ದ ಕಾಕು ಒಬ್ಬರು ಕೇಳುವುದಕ್ಕೂ ಸರಿಹೋಯಿತು: "ಹಾಗಾದರೆ ಸ್ವಾಮಿ, ಈ ಕರವಸ್ತ್ರ ಯಾರದು?"

ಗುರುಗಳು ನಕ್ಕು ರಥದ ಕಥೆ ಹೇಳಿದರು. ಹಳೆಯ ಬೌದ್ಧ ಕಥೆ. ಕ್ರಿಸ್ತಪೂರ್ವ 2ನೆಯ ಶತಮಾನದ ಗ್ರೀಕ್ ರಾಜ ಮೆನಾಂಡರ್, ಪಾಳಿಯಲ್ಲಿ ಮಿಲಿಂದ, ನಾಗಸೇನನೆಂಬ ಭಿಕ್ಷುವಿನ ಹತ್ತಿರ ಬರುತ್ತಾನೆ. ನಾಗಸೇನ ಎಂಬುದು ಬರಿಯ ಹೆಸರು, ಅದರ ಹಿಂದೆ ಆಳಿಲ್ಲ ಎನ್ನುತ್ತಾನೆ ಭಿಕ್ಷು. ಅದು ಹೇಗೆ ಎಂದರೆ, ನೀನು ಬಂದ ರಥದಲ್ಲಿ ಚಕ್ರ ರಥವೇ, ಅಚ್ಚು ರಥವೇ, ನೊಗ ರಥವೇ ಎಂದು ಒಂದೊಂದನ್ನೇ ಕೇಳಿ, ಅಲ್ಲ ಅಲ್ಲ ಎನಿಸಿ, ಮತ್ತೆ ರಥ ಎಲ್ಲಿದೆ ತೋರಿಸು ಎನ್ನುತ್ತಾನೆ. ಕಥೆ ಸೊಗಸಾಗಿದೆ. ಆದರೆ ನಮ್ಮ ಸಭೆಯಲ್ಲಿ ರಥ ಬಿಚ್ಚಿದವರು ಯಾರೂ ಇರಲಿಲ್ಲ. ಕೂಲರ್ ಬಿಚ್ಚಿದವನೊಬ್ಬ ಇದ್ದ. ಪಂಪು ನೋಡಲು ಕರೆಸಿದ ಮೆಕ್ಯಾನಿಕ್, ಬಾಗಿಲ ಹತ್ತಿರ ಕುಳಿತು ಎಲ್ಲವನ್ನೂ ಕೇಳುತ್ತಿದ್ದ. ಹೋಗುವಾಗ ನನ್ನ ಹತ್ತಿರ ಹೇಳಿದ: "ಸ್ವಾಮಿಯವರು ಹೇಳಿದ್ದು ಖರೆ ಸರ. ಪಂಪು ತೆಗೆದು, ಫ್ಯಾನು ತೆಗೆದು, ಹುಲ್ಲು ತೆಗೆದು ಬೇರೆ ಬೇರೆ ಇಟ್ಟರೆ ಅಲ್ಲಿ ಕೂಲರ್ ಇರುವುದಿಲ್ಲ. ಆದರೆ ಹಾಗೆ ಇಟ್ಟು ಹೋದರೆ ಮನೆಯವರು ಹೊಡೆಯುತ್ತಾರೆ."

ನನಗೆ ನಿಜಕ್ಕೂ ಸಿಟ್ಟು ಬರಿಸುವುದು ಸೆಕೆಯಲ್ಲ, ಮಾತು. ಸುಮ್ಮನಿರಿ ಎಂದು ಕಲಿಸಲು ಇವರು ಎಷ್ಟು ಮಾತಾಡುತ್ತಾರೆ! ಕಣ್ಣು ಮುಚ್ಚಿ ಎಂದ ಮೇಲಾದರೂ ಬಾಯಿ ಮುಚ್ಚಬಾರದೇ? ಇಲ್ಲ. ಈಗ ನೀವು ಹಗುರಾಗುತ್ತಿದ್ದೀರಿ, ಈಗ ನಿಮ್ಮ ಹಣೆ ಸಡಿಲವಾಗುತ್ತಿದೆ, ಈಗ ವಿಚಾರಗಳು ಮೋಡಗಳಾಗಿ ತೇಲಿ ಹೋಗುತ್ತಿವೆ. ಮೋಡ! ಮೇ ತಿಂಗಳಲ್ಲಿ ಕಲಬುರಗಿಯವರ ಮುಂದೆ ಮೋಡದ ಸುದ್ದಿ ತೆಗೆದರೆ ಯಾರ ಮನಸ್ಸು ನಿಲ್ಲುತ್ತದೆ? ತೊಗರಿ ಬಿತ್ತುವವರು ಒಮ್ಮೆಲೇ ಕಣ್ಣು ತೆರೆದು ಕಿಟಕಿಯ ಕಡೆ ನೋಡಿದರು. ಮಾತು ನಿಂತಲ್ಲಿ ಕೊಳಲಿನ ಧ್ವನಿಮುದ್ರಿಕೆ, ಕೊಳಲು ನಿಂತಲ್ಲಿ ಮುಂದಿನ ಶಿಬಿರದ ಪ್ರಕಟಣೆ. ಕೂಲರ್ ಪಾಪ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತದೆ. ತನ್ನ ಬಗ್ಗೆ ಏನೂ ಹೇಳಿಕೊಳ್ಳುವುದಿಲ್ಲ. ಗೋಯೆಂಕಾ ಅವರು 1969ರಲ್ಲಿ ಬರ್ಮಾದಿಂದ ಬಂದು ಭಾರತದಲ್ಲಿ ಕಲಿಸತೊಡಗಿದ ವಿಪಶ್ಯನ ಎಂಬ ಧ್ಯಾನಪದ್ಧತಿ ಈ ವಿಷಯದಲ್ಲಿ ವಾಸಿ. ಹತ್ತು ದಿನದ ಶಿಬಿರದಲ್ಲಿ ಕೊನೆಯ ದಿನದವರೆಗೂ ಪಕ್ಕದವರ ಜತೆ ಮಾತಿಲ್ಲ, ನವೆ ಎದ್ದರೂ ಕೆರೆದುಕೊಳ್ಳದೆ ನೋಡುತ್ತ ಕೂರಬೇಕು. ಆದರೆ ಅಲ್ಲಿಯೂ ಸಂಜೆಗೊಂದು ಪ್ರವಚನ ಇದ್ದೇ ಇದೆ.

ಮಾತು ಬಿಗಿಹಿಡಿಯಿರಿ ಎಂದು ನಮ್ಮ ಜಿಲ್ಲೆಗೆ ಒಬ್ಬ ಚಕ್ರವರ್ತಿಯೇ ಹೇಳಿ ಕಳಿಸಿದ್ದ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ವಿಗ್ರಹ ಒಡೆದು ಪೀಠ ಬಯಲಾದಾಗ ನೋಡಿದರೆ, ದೇವಿಯ ಕೆಳಗೆ ಇದ್ದದ್ದು ಅಶೋಕನ ಶಾಸನದ ಬಂಡೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು ಇದರ ಮೇಲಿವೆ. ಜತೆಗೆ ಅಶೋಕನ ಹದಿನಾಲ್ಕು ಬಂಡೆ ಶಾಸನಗಳ ಪೈಕಿ ಹನ್ನೆರಡನೆಯದು ಮತ್ತು ಹದಿನಾಲ್ಕನೆಯದು. ಹನ್ನೆರಡನೆಯದರ ಸಾರ ಇಷ್ಟು: ತನ್ನ ಮತವನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೊಗಳಿಕೊಳ್ಳಬೇಡಿ, ಪರರದ್ದನ್ನು ತೆಗಳಬೇಡಿ, ನಾಲಿಗೆಗೆ ಸಂಯಮವಿರಲಿ. ಇದನ್ನು ಕೆತ್ತಿದ ಕಲ್ಲಿನ ನಡುವೆ ನಮ್ಮ ಹಿಂದಿನವರು ವಿಗ್ರಹ ಕೂರಿಸಲು ಚೌಕಾಕಾರದ ತೂತು ಕೊರೆದು, ಒಂದಷ್ಟು ಅಕ್ಷರ ಅಳಿಸಿ, ಮೇಲೆ ದೇವಿಯನ್ನಿಟ್ಟು ಆರತಿ ಎತ್ತಿದರು. ವಾಕ್ಸಂಯಮದ ಕಲ್ಲು ಶತಮಾನಗಟ್ಟಲೆ ತುಟಿ ಬಿಚ್ಚದೆ ಬಿದ್ದಿತ್ತು. ತಾನು ಹೇಳಿದ್ದನ್ನು ತಾನೇ ಪಾಲಿಸಿದ ಉಪದೇಶ ನನಗೆ ಗೊತ್ತಿದ್ದ ಮಟ್ಟಿಗೆ ಇದೊಂದೇ.

ತಂಪಿನ ಮಾತಿಗೆ ಇನ್ನೊಂದು. ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು. ಬೇರೆ ಕಡೆ ಮಸೀದಿಗೆ ತೆರೆದ ಅಂಗಳವಿದ್ದರೆ ಇದಕ್ಕೆ ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ಚಾವಣಿ. ವಿದ್ವಾಂಸರು ಪರ್ಷಿಯಾ, ಸ್ಪೇನ್ ಎಂದೆಲ್ಲ ಹೇಳುತ್ತಾರೆ. ನನಗೆ ಮೇ ತಿಂಗಳೇ ಸಾಕಾದಷ್ಟು ಕಾರಣ ಎನಿಸುತ್ತದೆ. ಮಧ್ಯಾಹ್ನ ಆ ಕಮಾನುಗಳ ಸಾಲಿನಲ್ಲಿ ನಿಂತರೆ ಯಾರೂ ಏನೂ ಕಲಿಸುವುದಿಲ್ಲ. ಪಾರಿವಾಳ ರೆಕ್ಕೆ ಬಡಿಯುತ್ತದೆ, ಅಷ್ಟೇ.

ನಮ್ಮ ಸೀಮೆಯಲ್ಲಿ 'ನಾನು' ಎಂಬುದನ್ನು ಕಳೆಯಲು ಹೊರಟವರು ಸದ್ದಿಗೆ ಹೆದರಿದವರೇ ಅಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಭಜನೆಗಳು ಜೇವರ್ಗಿ, ಸುರಪುರದ ಕಡೆ ರಾತ್ರಿಯಿಡೀ ನಡೆಯುತ್ತಿದ್ದವು. ಏಕತಾರಿ, ತಾಳ, ದಮ್ಮಡಿ. ಹಾಡುವವರು ಒಬ್ಬರನ್ನೊಬ್ಬರು ಮೀರಿಸುವ ಕಂಠದವರು. ನಮ್ಮ ಮುತ್ಯಾ ಭಜನೆಗೆ ತಪ್ಪದೆ ಹೋಗಿ, ದಮ್ಮಡಿಯವನ ಮಗ್ಗುಲಲ್ಲೇ ಕಂಬಕ್ಕೆ ಒರಗಿ ಗಾಢವಾಗಿ ನಿದ್ದೆ ಹೋಗುತ್ತಿದ್ದರು. ಪಲ್ಲವಿ ತಿರುಗಿ ಬಂದಾಗ ಮಾತ್ರ ಕಣ್ಣು ತೆರೆಯದೆ ದನಿ ಕೂಡಿಸಿ, ಮತ್ತೆ ಗೊರಕೆ. ನಾನು ಹಾಡಿದೆ ಎಂಬ ಹಮ್ಮು ಅವರಿಗೆ ಇರುವುದು ಸಾಧ್ಯವೇ ಇರಲಿಲ್ಲ. ಹಾಡಿದ್ದು ಅವರಿಗೆ ಗೊತ್ತೇ ಇರುತ್ತಿರಲಿಲ್ಲ. ಬೆಳಗಿನ ಜಾವ ಸುಶಲಾ, ಮಿರ್ಚಿ ಭಜಿ ಬಂದಾಗ ಎಲ್ಲರಿಗಿಂತ ಮೊದಲು ಎಚ್ಚರ.

ಬಸವಕಲ್ಯಾಣದ ಶರಣರನ್ನು ನೋಡಿ. ಅಷ್ಟು ವಚನ ಹೇಳಿ, ಹೆಸರು ಬರೆಯಬೇಕಾದ ಜಾಗಕ್ಕೆ ಬಂದಾಗ ಬಸವಣ್ಣ ಕೂಡಲಸಂಗಮದೇವನನ್ನೂ ಅಲ್ಲಮ ಗುಹೇಶ್ವರನನ್ನೂ ಮುಂದೆ ಮಾಡಿ ತಾವು ಹಿಂದೆ ಸರಿದರು. ಗುರುಗಳು ಇದನ್ನು ಬಹಳ ಚೆನ್ನಾಗಿ ವರ್ಣಿಸಿದರು. ಅದರ ಪರಿಣಾಮವಾಗಿ ನಮ್ಮ ಸಭಾಭವನಕ್ಕೆ ಎರಡನೆಯ ಕೂಲರ್ ಬಂತು. ಕೊಟ್ಟವರು ಇಂಜಿನಿಯರ್ ಸಾಹೇಬರು. ದಾನಿಯ ಹೆಸರು ಬರೆಸೋಣವೇ ಎಂದು ಸಮಿತಿಯವರು ಕೇಳಿದಾಗ ಅವರು ಕೈಯೆತ್ತಿ ಬೇಡವೆಂದರು. 'ಗುಪ್ತದಾನ' ಎಂದಷ್ಟೇ ಬರೆಯಬೇಕು, ಕೆಂಪು ಬಣ್ಣದಲ್ಲಿ, ದೂರದಿಂದ ಕಾಣುವ ಹಾಗೆ. ಪೇಂಟರ್ ಬರೆಯುವಾಗ ಪಕ್ಕದಲ್ಲಿ ನಿಂತು ಒತ್ತಕ್ಷರ ತಿದ್ದಿಸಿದರು. ಹಾದು ಹೋಗುವವರಿಗೆಲ್ಲ ತಾವು ಹೆಸರು ಬೇಡ ಎಂದದ್ದನ್ನು ಹೇಳಿದರು.

ಇದನ್ನು ನೋಡಿ ಮೆಡಿಕಲ್ ಅಂಗಡಿಯ ಸಾಹುಕಾರರು ಮೂರನೆಯ ಕೂಲರ್ ತಂದರು. ಅವರದ್ದೂ ಗುಪ್ತದಾನವೇ. ಮೊದಲನೆಯ ಗುಪ್ತದಾನಿಗೆ ಇದು ಸರಿಬರಲಿಲ್ಲ. ನೋಡಿದ ಜನ ಎರಡನ್ನೂ ಅವರದ್ದೆಂದೋ ಇವರದ್ದೆಂದೋ ತಿಳಿದರೆ ಗತಿಯೇನು? ಈಗ ಇಬ್ಬರೂ ಒಬ್ಬರೊಡನೊಬ್ಬರು ಮಾತಾಡುತ್ತಿಲ್ಲ. ಅಂಗಡಿಯವನು ಗ್ಯಾರಂಟಿ ಕಾರ್ಡಿಗೆ ಒಂದು ಹೆಸರು ಬೇಕೇ ಬೇಕು ಎನ್ನುತ್ತಾನೆ, ಬರೆಯಿಸಲು ಇಬ್ಬರೂ ಒಪ್ಪುತ್ತಿಲ್ಲ. ಸಮಿತಿಯ ಸಭೆ ಭಾನುವಾರಕ್ಕೆ ಹೋಗಿದೆ. ನಾನು ನಾಲ್ಕು ಗಂಟೆಗೇ ಹೋಗುವವನಿದ್ದೇನೆ. ಮೂರು ಕೂಲರ್ ಆದ ಮೇಲೂ ಜಾಗ ಸಿಗುವ ಭರವಸೆಯಿಲ್ಲ.